ಗಾಣದ ಕುಸುಬಿ ಎಣ್ಣೆ: ಮೈಗೆ ಭೇಷ್, ಕೂದಲಿಗೆ ಅಷ್ಟಕ್ಕಷ್ಟೆ

ಬಳಸಿದ್ದು ಕಲಬುರಗಿಯ ಮರದ ಗಾಣದಲ್ಲಿ ಹಿಂಡಿಸಿದ, ರಿಫೈನ್ ಮಾಡದ ಕುಸುಬಿ ಎಣ್ಣೆ. ಬೇಸಿಗೆ, ಮಳೆ, ಚಳಿ ಮೂರೂ ಕಾಲ ದಾಟಿಸಿ ನೋಡಿದ ಮೇಲೆ ಕೊಡುವ ಅಂಕ: ಮೈಗೆ 5ಕ್ಕೆ 4, ಕೂದಲಿಗೆ 2.

ಆನ್‌ಲೈನ್‌ನಲ್ಲಿ ‘ಸ್ಯಾಫ್ಲವರ್ ಕ್ಯಾರಿಯರ್ ಆಯಿಲ್’ ಎಂದು ಕಂದು ಸೀಸೆಯಲ್ಲಿ ಬರುವುದೂ ನಮ್ಮ ಎರಿ ಹೊಲದ ಹಿಂಗಾರಿ ಕುಸುಬಿಯ ಎಣ್ಣೆಯೂ ಒಂದೇ ಗಿಡದವು. ಸೀಸೆಗೆ, ಲೇಬಲ್ಲಿಗೆ ಹೆಚ್ಚಿನ ದುಡ್ಡು ತೆರಬೇಕಿಲ್ಲ. ಹಳೇ ತಳಿಗಳ ಕುಸುಬಿ ಎಣ್ಣೆಯಲ್ಲಿ ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲ ಶೇ 70ಕ್ಕಿಂತ ಹೆಚ್ಚಿರುತ್ತದೆ. ಇದರ ಗುಣಕ್ಕೂ ಅವಗುಣಕ್ಕೂ ಅದೇ ಮೂಲ. ಚರ್ಮದ ಮೇಲ್ಪದರ ತೇವ ಹಿಡಿದಿಡಲು ಬೇಕಾದ ಸೆರಮೈಡ್ ಎಂಬ ಕೊಬ್ಬಿನಂಶಗಳಿಗೆ ಈ ಆಮ್ಲ ಬೇಕು. ಎಣ್ಣೆಯೂ ತೆಳು, ಹಚ್ಚಿದ ಹತ್ತು ನಿಮಿಷಕ್ಕೆ ಜಿಡ್ಡು ಕೈಗೆ ಹತ್ತುವುದಿಲ್ಲ. ಆದರೆ ಗಾಳಿ, ಬೆಳಕು, ಶೆಖೆ ತಾಗಿದರೆ ಅಷ್ಟೇ ಬೇಗ ಕಮಟುತ್ತದೆ, ಅದರಲ್ಲೂ ಏಪ್ರಿಲ್-ಮೇ ತಿಂಗಳ 42 ಡಿಗ್ರಿಯ ನಮ್ಮೂರಲ್ಲಿ.

ಹಾಗಾಗಿ ವರ್ಷಕ್ಕಾಗುವಷ್ಟು ಎಣ್ಣೆ ಒಮ್ಮೆಲೇ ತಂದಿಡಬೇಡಿ, ಕಾಳು ತಂದಿಡಿ. ಸುಗ್ಗಿ ಮುಗಿದು ಫೆಬ್ರವರಿ-ಮಾರ್ಚ್‌ಗೆ ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಗೆ ಹೊಸ ಕುಸುಬಿ ಬರುತ್ತದೆ. ಸಿಪ್ಪೆ ಗಟ್ಟಿ ಇರುವುದರಿಂದ ಒಣಗಿದ ಕಾಳು ಎಣ್ಣೆಗಿಂತ ಎಷ್ಟೋ ಹೆಚ್ಚು ದಿನ ತಾಳುತ್ತದೆ. ನಾಲ್ಕು ಕಿಲೋ ಕಾಳಿಗೆ ಒಂದು ಕಿಲೋ ಆಸುಪಾಸು ಎಣ್ಣೆ, ಉಳಿದದ್ದು ಹಿಂಡಿ. ಗಾಣದಿಂದ ಬಂದ ಎಣ್ಣೆಯನ್ನು ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ ಮೂರು-ನಾಲ್ಕು ದಿನ ಅಲುಗಿಸದೆ ಬಿಡಿ. ತಳಕ್ಕೆ ಕೂತ ಮಡ್ಡಿ ಕಲಕದಂತೆ ಮೇಲಿನದನ್ನು ಬಗ್ಗಿಸಿ, ಒಣ ಬಟ್ಟೆಯಲ್ಲಿ ಸೋಸಿ. ಮಡ್ಡಿಯಲ್ಲಿ ನೀರಿನಂಶ ಇರುತ್ತದೆ, ಎಣ್ಣೆ ಮೊದಲು ಕೆಡುವುದು ಅಲ್ಲಿಂದಲೇ. ‘ಗಸಿ ಇದ್ದರೇ ಅಸಲಿ’ ಎಂದು ಹಾಗೇ ಬಾಟಲಿ ತುಂಬಿಸಿ ಕೊಡುವವರ ಮಾತು ಕೇಳಬೇಡಿ.

ಅಂಗಡಿಯ ಪ್ಯಾಕೆಟ್ ಕೊಳ್ಳುವುದಾದರೆ ಹಿಂಬದಿ ಓದಿ. ಮುಂದೆ ಕುಸುಬಿ ಹೂವಿನ ಚಿತ್ರ, ಹಿಂದೆ ಅಕ್ಕಿ ತೌಡಿನ ಎಣ್ಣೆಯದೇ ಸಿಂಹಪಾಲು ಇರುವ ಮಿಶ್ರಣಗಳಿವೆ. ಮೈಗೆ ಅದರಿಂದ ಕೇಡಿಲ್ಲ, ಆದರೆ ಅದು ಬೇರೆ ಎಣ್ಣೆ.

ಮೈಗೆ ಹಚ್ಚುವಾಗ ಸ್ನಾನವಾದ ಎರಡು-ಮೂರು ನಿಮಿಷದೊಳಗೆ, ಚರ್ಮ ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ಎಣ್ಣೆಗೆ ತನ್ನದೇ ನೀರಿಲ್ಲ, ಇರುವ ನೀರು ಆರದಂತೆ ತಡೆಯುವುದಷ್ಟೇ ಅದರ ಕೆಲಸ. ಒಣಗಿದ ಮೈಗೆ ತಿಕ್ಕಿದರೆ ಹೊಳಪು ಬರುತ್ತದೆ, ಬಿರುಕು ಹಾಗೇ ಉಳಿಯುತ್ತದೆ. ಮುಖಕ್ಕೆ ಮೂರು-ನಾಲ್ಕು ಹನಿ ಸಾಕು, ಎರಡೂ ಕಾಲಿಗೆ ಒಂದು ಚಹಾ ಚಮಚ. ಬಿಸಿಲಿಗೆ ಹೊರಡುವ ಮುಂಚೆ ಮಾತ್ರ ಬೇಡ. ಯಾವ ಎಣ್ಣೆಯೂ ಸನ್‌ಸ್ಕ್ರೀನ್ ಅಲ್ಲ. ಮೇಲಾಗಿ ಶಹಾಬಾದ್, ವಾಡಿ, ಸೇಡಂ ರಸ್ತೆಯ ಧೂಳು ಎಣ್ಣೆ ಮುಖಕ್ಕೆ ಮೆತ್ತಿಕೊಂಡರೆ ಮೊಡವೆ ಖಾತ್ರಿ. ರಾತ್ರಿಯೇ ಸರಿ.

ಕಾಂಗ್ರೆಸ್ ಕಸ (ಪಾರ್ಥೇನಿಯಂ) ತಾಗಿ ಮೈಮೇಲೆ ದದ್ದು ಏಳುವವರು ಇಲ್ಲಿ ತುಸು ನಿಲ್ಲಬೇಕು. ಕುಸುಬಿಯೂ ಅದೇ ಕುಟುಂಬದ ಗಿಡ. ಒಂದು ಹನಿಯನ್ನು ಮೊಣಕೈ ಒಳಮಡಿಕೆಗೆ ಹಚ್ಚಿ 48 ಗಂಟೆ ಬಿಟ್ಟು ನೋಡಿ. ಕೆಂಪಾದರೆ, ತುರಿಸಿದರೆ ಕೈಬಿಡಿ.

ಕೂದಲಿನ ಮಾತು ಬೇರೆ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೆಟ್ಟಗಿನದು, ಕೂದಲಿನ ಎಳೆಯೊಳಗೆ ಇಳಿಯುತ್ತದೆ. ತೊಳೆಯುವಾಗ ಕೂದಲು ಪ್ರೋಟೀನ್ ಕಳೆದುಕೊಳ್ಳುವುದನ್ನು ಅದು ಕಡಿಮೆ ಮಾಡುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು, ಸೂರ್ಯಕಾಂತಿ ಎಣ್ಣೆಯಿಂದ ಆ ಲಾಭ ಸಿಗಲಿಲ್ಲ. ಕುಸುಬಿಯದು ಹೆಚ್ಚೂಕಡಿಮೆ ಸೂರ್ಯಕಾಂತಿಯದೇ ಜಾತಕ, ಮೇಲೆ ಹೊಳೆಯುತ್ತದೆ ಅಷ್ಟೆ. ಬೋರಿನ ಗಡಸು ನೀರಲ್ಲಿ ತಲೆ ತೊಳೆಯುವವರಿಗೆ ಅಷ್ಟು ಸಾಲದು.

ಕೂದಲಿಗೆ ಕೊನೆಗೆ ಒಗ್ಗಿದ ಬೆರಕೆ ಇದು: 100 ಮಿ.ಲೀ.ಗೆ ಕೊಬ್ಬರಿ ಎಣ್ಣೆ 60, ಕುಸುಬಿ 30, ಔಡಲ (ಹರಳು) ಎಣ್ಣೆ 10. ಬರೀ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೀದರಿನ ಡಿಸೆಂಬರಿನಲ್ಲಿ ಬಾಟಲಿ ಕಲ್ಲಾಗುತ್ತದೆ. ಈ ಬೆರಕೆ ಚಮಚಕ್ಕೆ ಮೆತ್ತಗೆ ಸಿಗುತ್ತದೆ. ಗಟ್ಟಿಯಾದರೆ ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ನಿಲ್ಲಿಸಿ, ಒಲೆ ಮೇಲಿಡಬೇಡಿ. ಔಡಲ ಹೆಚ್ಚು ಹಾಕಿದರೆ ಕೂದಲು ದಟ್ಟವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅದರ ಅಂಟಿಗೆ ಉದ್ದ ಕೂದಲು ತೊಳೆಯುವಾಗ ಬಿಡಿಸಲಾಗದ ಗಂಟಾಗಿ, ಕತ್ತರಿಸಬೇಕಾದ ಪ್ರಸಂಗಗಳು ವೈದ್ಯಕೀಯ ವರದಿಗಳಲ್ಲೇ ಇವೆ.

ಹೆಗಲುದ್ದದ ಕೂದಲಿಗೆ ಎರಡು ಚಹಾ ಚಮಚ, ಬುಡಕ್ಕಿಂತ ತುದಿಗೆ ಹೆಚ್ಚು. ತೊಳೆಯುವ ಎರಡು ಗಂಟೆ ಮುಂಚೆ ಹಚ್ಚಿದರೆ ಸಾಕು. ಅಂಟಂಟು ಹಳದಿ ಹೊಟ್ಟು ಏಳುವವರು ನೆತ್ತಿಗೆ ಎಣ್ಣೆ ಹಾಕಲೇಬಾರದು. ಆ ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಆಹಾರ.

ಇನ್ನುಳಿದವು. ‘ಬಾದಾಮಿ’ ಎಂದು ಮಾರುವ ತಲೆ ಎಣ್ಣೆಗಳಲ್ಲಿ ಹಲವು ಬಹುಪಾಲು ಲಿಕ್ವಿಡ್ ಪ್ಯಾರಾಫಿನ್ ಎಂಬ ಖನಿಜ ಎಣ್ಣೆ, ಪದಾರ್ಥಗಳ ಪಟ್ಟಿಯ ಮೊದಲ ಹೆಸರು ನೋಡಿ. ಅಗಸಿ ಎಣ್ಣೆ ಕುಸುಬಿಗಿಂತಲೂ ಬೇಗ ಕೆಡುತ್ತದೆ. ಹೊಹೊಬಾ ಎಂಬ ಮರುಭೂಮಿ ಗಿಡದ ಬೀಜದ ಎಣ್ಣೆ ನಿಜಕ್ಕೂ ದ್ರವರೂಪದ ಮೇಣ. ವರ್ಷಗಟ್ಟಲೆ ಕೆಡುವುದಿಲ್ಲ, ಬೆಲೆ ಮಾತ್ರ ಮುಟ್ಟುವಂತಿಲ್ಲ.

ಸುಗಂಧಕ್ಕೆ ಎಸೆನ್ಷಿಯಲ್ ಆಯಿಲ್ ಬೆರೆಸುವುದಾದರೆ ಮುಖದ ಎಣ್ಣೆಗೆ ಶೇ 1, ಅಂದರೆ 30 ಮಿ.ಲೀ.ಗೆ ಆರು ಹನಿ. ನಿಂಬೆ ಸಿಪ್ಪೆ ಹಿಂಡಿ ತೆಗೆದ ಸುಗಂಧ ಎಣ್ಣೆ ಬೇಡ, ಬಿಸಿಲು ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಹಸಿ ಕರಿಬೇವು, ದಾಸವಾಳ ಬಾಟಲಿಗೆ ತುರುಕುವುದೂ ಬೇಡ, ಎಲೆಯ ನೀರಿಗೆ ಬೂಸು ಹಿಡಿಯುತ್ತದೆ.

ಇಡುವ ಬಗೆ: 100 ಮಿ.ಲೀ.ಯ ಕಂದು ಗಾಜಿನ ಸೀಸೆಗಳಿಗೆ ಕುತ್ತಿಗೆವರೆಗೆ ತುಂಬಿ, ಒಂದನ್ನು ಹೊರಗಿಟ್ಟು ಉಳಿದವನ್ನು ಫ್ರಿಜ್ಜಿನಲ್ಲಿಡಿ. ತೆರೆದ ಸೀಸೆ ಬೇಸಿಗೆಯಲ್ಲಿ ಆರು ವಾರದೊಳಗೆ ಮುಗಿಯಲಿ. 400 ಮಿ.ಗ್ರಾಂನ ವಿಟಮಿನ್ ಇ ಕ್ಯಾಪ್ಸೂಲ್ ಒಂದನ್ನು ಚುಚ್ಚಿ ಬೆರೆಸಿದರೆ ಕೆಡುವುದು ತುಸು ತಡವಾಗುತ್ತದೆ, ಕಮಟಿದ್ದು ಸರಿಹೋಗುವುದಿಲ್ಲ. ಮುಚ್ಚಳದ ಸುತ್ತು ಬೆರಳಾಡಿಸಿ: ಹಳದಿ ಗೋಂದಿನಂಥ ಉಂಗುರ ಕಟ್ಟಿದ್ದರೆ ಅಲ್ಲಿ ಎಣ್ಣೆ ಗಾಳಿಗೆ ಒಣಗಿ ಪೊರೆಯಾಗಿದೆ ಎಂದರ್ಥ. ಅದನ್ನು ಒರೆಸಿ, ಒಳಗಿನದನ್ನು ಮೂಸಿ ನೋಡಿ. ಹಳೇ ಬಣ್ಣದ ಡಬ್ಬಿಯ ವಾಸನೆ ಬಂದರೆ ಮೈಗೆ ಬೇಡ.

ಟವೆಲು, ದಿಂಬಿನ ಚೀಲದ ಮೇಲೂ ಹೀಗೇ ಅಂಟು ಕಟ್ಟುತ್ತದೆ, ಅಂದಂದೇ ಬಿಸಿನೀರು-ಸೋಪಿನಲ್ಲಿ ಹಾಕಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಒಗೆದರೆ ಒಣಗುವಾಗ ತಾನಾಗಿ ಕಾವೇರಿ ಬೆಂಕಿ ಹೊತ್ತುವ ಅಪಾಯವೂ ಇದೆ, ಹರವಿ ಒಣಗಿಸಿ. ಕಮಟಿದ ಎಣ್ಣೆಯನ್ನು ಬಾಗಿಲ ಕೀಲಿಗೆ ಹಾಕಿದರೆ ಜಡ್ಡುಗಟ್ಟಿ ಇನ್ನೂ ಬಿಗಿಯಾಗುತ್ತದೆ. ಕುಡುಗೋಲು, ಕೊಡಲಿಯ ಕಟ್ಟಿಗೆ ಹಿಡಿಕೆಗೆ ತೆಳುವಾಗಿ ಒರೆಸಿದರೆ ಮಾತ್ರ ಚೆನ್ನಾಗಿ ಕೂಡುತ್ತದೆ.