ಟ್ಯಾಂಡೆಮ್ ರಿಪೀಟ್ಸ್ ಫೈಂಡರ್: ಬ್ಯಾಕ್ಟೀರಿಯಾದ ಅಂಟು ಪ್ರೋಟೀನ್ ಹುಡುಕಲು ಸರಿಹೋಗುತ್ತಾ?

ಐದಕ್ಕೆ ನಾಲ್ಕು ಸ್ಟಾರ್. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಓಡಿಸಿ ಬಂದಿದ್ದನ್ನು ಸುಮ್ನೆ ನಂಬುವವರಾದರೆ ಎರಡೇ.

ಗ್ಯಾರಿ ಬೆನ್ಸನ್ 1999ರಲ್ಲಿ ಪ್ರಕಟಿಸಿದ ಪ್ರೋಗ್ರಾಂ ಇದು, ಎಲ್ಲರೂ ಟಿಆರ್‌ಎಫ್ ಅಂತಲೇ ಕರೆಯುತ್ತಾರೆ. ಡಿಎನ್‌ಎ ಫೈಲ್ ಕೊಟ್ಟರೆ ಒಂದರ ಪಕ್ಕ ಒಂದು ಸಾಲಾಗಿ ಮರುಕಳಿಸುವ ತುಣುಕುಗಳನ್ನು ಹೆಕ್ಕಿ ಕೊಡುತ್ತದೆ. ಯಾವ ತುಣುಕು, ಎಷ್ಟು ಉದ್ದ ಅಂತ ನಾವು ಮೊದಲೇ ಹೇಳಬೇಕಿಲ್ಲ. ದುಡ್ಡಿಲ್ಲ, ಕೋಡ್ ಕೂಡ ಮುಕ್ತ. ಒಂದು ಬ್ಯಾಕ್ಟೀರಿಯಾದ ಇಡೀ ಜೀನೋಮ್ (ಅದರ ಪೂರ್ತಿ ಡಿಎನ್‌ಎ) ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಬೇಗ ಮುಗಿದುಹೋಗುತ್ತದೆ.

ಬ್ಯಾಕ್ಟೀರಿಯಾಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು ಅದಕ್ಕೆ ಮೈಮೇಲೆ ಪ್ರೋಟೀನ್ ಬೇಕು, ಆದರೆ ಅದೇ ಪ್ರೋಟೀನ್ ನಮ್ಮ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೂ ಬೀಳುತ್ತದೆ. ಹಾಗಾಗಿ ಕೆಲವು ಜೀನ್‌ಗಳಲ್ಲಿ ಮರುಕಳಿಸುವ ಡಿಎನ್‌ಎ ಅಕ್ಷರಗಳಿರುತ್ತವೆ (ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ). ಡಿಎನ್‌ಎ ನಕಲಾಗುವಾಗ ಅಲ್ಲಿ ಎಳೆ ಜಾರುತ್ತದೆ, ಒಂದು ಪ್ರತಿ ಹೆಚ್ಚಾಗುತ್ತದೆ ಇಲ್ಲವೇ ಕಡಿಮೆಯಾಗುತ್ತದೆ, ಪ್ರೋಟೀನ್ ಆನ್ ಅಥವಾ ಆಫ್ ಆಗುತ್ತದೆ.

ಗೊನೊರಿಯಾ ತರುವ ಬ್ಯಾಕ್ಟೀರಿಯಾ ಗೊನೊಕಾಕಸ್‌ನಲ್ಲಿ, ಓಪಾ ಎಂಬ ಅಂಟು ಪ್ರೋಟೀನ್‌ಗಳ ಜೀನ್‌ಗಳಲ್ಲಿ ಟಿಆರ್‌ಎಫ್ ಚೆನ್ನಾಗಿ ಕೆಲಸ ಮಾಡುತ್ತದೆ. ಜೀನ್‌ನ ಆರಂಭದಲ್ಲೇ ಸಿಟಿಸಿಟಿಟಿ ಎಂಬ ಐದಕ್ಷರ ಮತ್ತೆ ಮತ್ತೆ ಬರುತ್ತದೆ. ಜೀವಕೋಶ ಜೀನನ್ನು ಮೂರು ಮೂರಕ್ಷರವಾಗಿ ಓದುವುದರಿಂದ, ಒಂದು ಪ್ರತಿ ಏರುಪೇರಾದರೂ ಆ ಓದು ತಪ್ಪಿ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಎಫ್‌ಎ1090 ತಳಿಯಲ್ಲಿ ಇಂಥ 11 ಜೀನ್‌ಗಳಿವೆ, ಪ್ರತಿಯೊಂದಕ್ಕೂ ತನ್ನದೇ ಸ್ವಿಚ್. ಎಂಟು ಪ್ರತಿ ಇದ್ದರೆ 40 ಅಕ್ಷರ, ಟಿಆರ್‌ಎಫ್ ಹೊಂದುವ ಅಕ್ಷರಕ್ಕೆ ಎರಡರಂತೆ 80 ಅಂಕ ಕೊಡುತ್ತದೆ, ಪಟ್ಟಿಗೆ ಸೇರಲು ಬೇಕಾದ್ದು 50, ಆರಾಮಾಗಿ ಪಾಸ್. ಒಂದು ಎಚ್ಚರಿಕೆ: ಟೇಬಲ್‌ನಲ್ಲಿ ಅದು ಟಿಸಿಟಿಟಿಸಿ ಅಂತಲೋ, ಎದುರು ಎಳೆಯಲ್ಲಿದ್ದರೆ ಎಎಜಿಎಜಿ ಅಂತಲೋ ಕಾಣಬಹುದು. ಎಲ್ಲಿಂದ, ಯಾವ ಎಳೆಯಲ್ಲಿ ಎಣಿಕೆ ಶುರುವಾಯಿತು ಅನ್ನುವುದಷ್ಟೇ ವ್ಯತ್ಯಾಸ, ಗಾಬರಿಯಾಗಬೇಡಿ.

ಈಗ ತಕರಾರು. ಎಲ್ಲರೂ ಕಾಪಿ ಹೊಡೆಯುವ ಕಮಾಂಡ್‌ನಲ್ಲಿ 2 7 7 80 10 50 500 ಅಂತ ಅಂಕಿಗಳಿರುತ್ತವೆ. ಅದರಲ್ಲಿ 50 ಅಂದರೆ ಕನಿಷ್ಠ ಅಂಕ. ಅಂದರೆ ಒಂದೂ ತಪ್ಪಿಲ್ಲದ ಸಾಲಾದರೂ 25 ಅಕ್ಷರ ಇರಲೇಬೇಕು. ಹಿಮೊಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ ಫಿಂಬ್ರಿಯಾ (ಅಂಟಿಕೊಳ್ಳುವ ಕೂದಲಿನಂಥ ಎಳೆಗಳು) ನೋಡಿ. ಎದುರುಬದುರು ದಿಕ್ಕಿಗೆ ಓದುವ ಎರಡು ಜೀನ್‌ಗಳ ನಡುವಿನ ಪ್ರೊಮೋಟರ್‌ನಲ್ಲಿ (ಜೀನ್ ಓದು ಶುರುವಾಗುವ ಜಾಗ) ಟಿಎ ಜೋಡಿ 10 ಸಲ ಇದ್ದಾಗ ಫಿಂಬ್ರಿಯಾ ಜೋರಾಗಿ ಬರುತ್ತದೆ, 11 ಆದರೆ ಕಡಿಮೆ, 9 ಆದರೆ ಇಲ್ಲವೇ ಇಲ್ಲ. ಹತ್ತು ಜೋಡಿಗೆ ಸಿಗುವುದು 40 ಅಂಕ, ಟಿಆರ್‌ಎಫ್ ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ! ಬರೀ 10-13 ಸಿ ಅಥವಾ ಜಿ ಸಾಲಾಗಿ ನಿಂತಿರುವ ಸ್ವಿಚ್‌ಗಳ ಕಥೆಯೂ ಇಷ್ಟೇ. ನಮಗೆ ಬೇಕಾಗಿದ್ದೇ ಅವು, ಅಲ್ವಾ?

ಕನಿಷ್ಠ ಅಂಕವನ್ನು 30ಕ್ಕೆ ಇಳಿಸಿ, ಟಿಎ ಜೋಡಿಗಿದ್ದ ಅಂಕದ ಅಡ್ಡಿ ಹೋಗುತ್ತದೆ. ಆದರೆ ಕಸವೂ ಜಾಸ್ತಿ ಬರುತ್ತದೆ, ಸೋಸುವ ಕೆಲಸ ನಿಮ್ಮದೇ. ಒಂದೇ ಅಕ್ಷರದ ಸಾಲಿಗೆ ಇದು ಬೇಡವೇ ಬೇಡ, ಸಾದಾ ಟೆಕ್ಸ್ಟ್ ಸರ್ಚ್ ಸಾಕು. ಇನ್ನೊಂದು ಕಿರಿಕಿರಿ: ಒಂದೇ ಜಾಗವನ್ನು ಬೇರೆ ಬೇರೆ ಉದ್ದದ ತುಣುಕು ಅಂತ ಎರಡು-ಮೂರು ಸಲ ಪಟ್ಟಿ ಮಾಡುತ್ತದೆ. ಕಣ್ಣುಮುಚ್ಚಿ ಸಾಲು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ದೊಡ್ಡ ತುಣುಕುಗಳ ವಿಷಯದಲ್ಲಿ ತಪ್ಪು ಟಿಆರ್‌ಎಫ್‌ನದ್ದಲ್ಲ, ನಾವು ಕೊಡುವ ಫೈಲಿನದ್ದು. ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೈಮೇಲಿನ ಆಲ್ಫಾ ಸಿ ಪ್ರೋಟೀನ್‌ನ ಜೀನ್‌ನಲ್ಲಿ 246 ಅಕ್ಷರದ ತುಣುಕು ಒಂಚೂರೂ ಬದಲಾಗದೆ ಒಂಬತ್ತು ಸಲ ಬರುವ ತಳಿ ಇದೆ. 150 ಅಕ್ಷರದ ಚಿಕ್ಕ ಓದುಗಳಿಂದ (ಸೀಕ್ವೆನ್ಸಿಂಗ್ ಯಂತ್ರ ಒಮ್ಮೆಗೆ ಓದುವ ಡಿಎನ್‌ಎ ಚೂರುಗಳು) ಜೋಡಿಸಿದ ಜೀನೋಮ್‌ನಲ್ಲಿ ಅವೆಲ್ಲ ಒಂದರ ಮೇಲೊಂದು ಮಡಚಿಕೊಂಡು ಒಂದೋ ಎರಡೋ ಆಗಿಬಿಡುತ್ತವೆ. ಟಿಆರ್‌ಎಫ್ ಪಾಪ, ಫೈಲಿನಲ್ಲಿ ಇದ್ದಷ್ಟನ್ನೇ ಎಣಿಸಿ ನೀಟಾಗಿ ಟೇಬಲ್ ಕೊಡುತ್ತದೆ. ನಿಮ್ಮ ಹತ್ತಿರ ಉದ್ದ ಓದಿನ ಸೀಕ್ವೆನ್ಸ್ ಇಲ್ಲದಿದ್ದರೆ, ಇಂಥ ಜೀನ್‌ಗಳಿಗೆ ಅದು ಕೊಡುವ ಪ್ರತಿಗಳ ಸಂಖ್ಯೆಯನ್ನು ಎಲ್ಲಿಯೂ ಬಳಸಬೇಡಿ.