ಕಿಕುಚಿ ಕಾಯಿಲೆ: ಸೂಜಿ ಪರೀಕ್ಷೆ ಸಾಕಾ, ಗಂಟನ್ನೇ ತೆಗೆಸಬೇಕಾ?

ಕುತ್ತಿಗೆಯಲ್ಲಿ ಗಂಟು, ಜೊತೆಗೆ ಜ್ವರ. ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ, ಆಮೇಲೆ ಕ್ಯಾನ್ಸರ್, ಅಲ್ವಾ? 1972ರಲ್ಲಿ ಜಪಾನಿನ ವೈದ್ಯರು ಗುರುತಿಸಿದ ಕಿಕುಚಿ ಕಾಯಿಲೆಯೂ ಹೀಗೇ ಕಾಣಿಸುತ್ತದೆ. ಆದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ.

ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಕೆಲವೇ ನಿಮಿಷದ ಕೆಲಸ. ಹೊಲಿಗೆ ಇಲ್ಲ, ಖರ್ಚೂ ಕಡಿಮೆ. ಆದರೆ ಸಿಗುವುದು ಬಿಡಿ ಜೀವಕೋಶಗಳು ಮಾತ್ರ. ಕಿಕುಚಿ ಇರಬಹುದು ಎಂಬ ಸುಳಿವು ಕೊಟ್ಟರೂ ಎಷ್ಟೋ ಸಲ ಖಚಿತವಾಗಿ ಹೇಳಲಾಗುವುದಿಲ್ಲ.

ಬಯಾಪ್ಸಿಯಲ್ಲಿ ಇಡೀ ಗಂಟನ್ನೇ ತೆಗೆಯುತ್ತಾರೆ. ಕುತ್ತಿಗೆಯಲ್ಲಿ ಸಣ್ಣ ಕಲೆ ಉಳಿಯುತ್ತದೆ, ರಿಪೋರ್ಟಿಗೆ ಕೆಲವು ದಿನ ಕಾಯಬೇಕು. ಆದರೆ ಗಂಟಿನೊಳಗಿನ ರಚನೆ ಪೂರ್ತಿ ಕಾಣುತ್ತದೆ. ಸತ್ತ ಕೋಶಗಳ ಚೂರುಗಳಿದ್ದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೇ ಇಲ್ಲದಿದ್ದರೆ ಅದು ಕಿಕುಚಿಯ ದೊಡ್ಡ ಗುರುತು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಅನುಮಾನ ಇದ್ದರೆ ನಾನಂತೂ ಇದಕ್ಕೇ ಒಪ್ಪುತ್ತೇನೆ. ಸುಮ್ನೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗುವುದಕ್ಕಿಂತ ಕಲೆಯೇ ವಾಸಿ.

ಈ ಎರಡು ಪರೀಕ್ಷೆಗೂ ಮೊದಲು ಸ್ಟೀರಾಯ್ಡ್ ಔಷಧಿ ಶುರುವಾದರೆ ಲಿಂಫೋಮಾ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಅದನ್ನು ವೈದ್ಯರ ಹತ್ತಿರ ಕೇಳಿ. ಗಂಟಿನ ಒಂದು ತುಂಡನ್ನು ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಹಾಕದೆ ಟಿಬಿ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಲು ಹೇಳಿ. ಕಿಕುಚಿ ಎಂದು ಬಂದರೂ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ದೇಹದ ಮೇಲೆ ದಾಳಿ ಮಾಡುವ ಕಾಯಿಲೆ) ಇದೆಯಾ ಎಂದು ನೋಡಲು ಎಎನ್‌ಎ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ.