ಈ ವಾರದ ಹಾಡು: ಸನ್ ವೋಲ್ಟ್ ಕಳಿಸೋದಾ, ವಿಲ್ಕೊ ಕಳಿಸೋದಾ?

ಗೆಳೆಯರಿಗೆ ವಾರಕ್ಕೊಂದು ಆಲ್ಟ್-ಕಂಟ್ರಿ (ಅಮೆರಿಕದ ಹಳ್ಳಿ ಸೊಗಡಿನ ಕಂಟ್ರಿ ಸಂಗೀತಕ್ಕೆ ರಾಕ್ ಬೆರೆಸಿದ್ದು) ಹಾಡು ಕಳಿಸುವ ಯೋಚನೆ ಇದೆಯಾ? ಶುರು ಮಾಡಲು ಈ ಎರಡು ಬ್ಯಾಂಡ್ ಸಾಕು. ಎರಡೂ ಒಂದೇ ಮನೆಯವು. ಅಮೆರಿಕದ ಇಲಿನಾಯ್ ರಾಜ್ಯದ ಅಂಕಲ್ ಟುಪೆಲೊ ಬ್ಯಾಂಡ್ 1994ರಲ್ಲಿ ಒಡೆಯಿತು. ಅದರಲ್ಲಿದ್ದ ಜೇ ಫರಾರ್ ಸನ್ ವೋಲ್ಟ್ ಕಟ್ಟಿದರು, ಜೆಫ್ ಟ್ವೀಡಿ ವಿಲ್ಕೊ ಕಟ್ಟಿದರು. ಇಬ್ಬರ ಮೊದಲ ಆಲ್ಬಂ ಬಂದದ್ದೂ 1995ರಲ್ಲೇ.

ಸನ್ ವೋಲ್ಟ್‌ನ ‘ಟ್ರೇಸ್’ ಆರಂಭವಾಗುವುದು ‘ವಿಂಡ್‌ಫಾಲ್’ ಹಾಡಿನಿಂದ. ರಾತ್ರಿ ಪ್ರಯಾಣದ ಹಾಡು ಇದು. ಲೂಸಿಯಾನಾ ಕಡೆಯ ಎಎಂ ರೇಡಿಯೊ ಸ್ಟೇಷನ್ ಒಂದು ರಾತ್ರಿಯಿಡೀ ಹಾಡುತ್ತಿರುತ್ತದೆ. ಜೊತೆಗೆ ಪಿಟೀಲು, ಸ್ಟೀಲ್ ಗಿಟಾರ್. ಫರಾರ್ ದನಿಗೆ ತೂಕ ಜಾಸ್ತಿ, ಅವಸರ ಇಲ್ಲವೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಬಸ್ಸಲ್ಲಿ ಊರಿಗೆ ಹೋಗುವವರಿಗೆ ಹೇಳಿ ಮಾಡಿಸಿದ್ದು.

ವಿಲ್ಕೊದ ‘ಎ.ಎಂ.’ ತುಂಟ. ‘ಪ್ಯಾಸೆಂಜರ್ ಸೈಡ್’ ಕೇಳಿ. ಪಕ್ಕದ ಸೀಟಲ್ಲಿ ಕೂತವನು, ನೆಟ್ಟಗೆ ಓಡಿಸು, ನನ್ನ ಬಿಯರ್ ಚೆಲ್ಲುತ್ತೆ ಅಂತ ಗೊಣಗುತ್ತಾನೆ. ಜೂನ್‌ನಲ್ಲಿ ಅವನಿಗೆ ಕೋರ್ಟ್ ತಾರೀಖು ಬೇರೆ ಇದೆ! ಪೆಟ್ರೋಲಿಗೆ ಐದು ಡಾಲರ್ ಕೊಡ್ತೀನಿ ಅನ್ನುವ ಉದಾರಿ.

ಕಂಟ್ರಿ ಅಂದರೆ ಮೂಗು ಮುರಿಯುವವರಿಗೆ ಸುಮ್ನೆ ವಿಲ್ಕೊ ಕಳಿಸಿ, ನಗುತ್ತಲೇ ಒಳಗೆ ಬರುತ್ತಾರೆ. ಆಲ್ಬಂ ಪೂರ್ತಿ ಕೇಳುವ ತಾಳ್ಮೆ ಇದ್ದವರಿಗೆ ‘ಟ್ರೇಸ್’. ನನ್ನ ಓಟೂ ಅದಕ್ಕೇ. ಒಂದು ಮಾತು: ‘ಎ.ಎಂ.’ ಇಷ್ಟಪಟ್ಟವರಿಗೆ ಮರುವಾರವೇ 2002ರ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಕಳಿಸಬೇಡಿ. ಅಷ್ಟು ಹೊತ್ತಿಗೆ ವಿಲ್ಕೊ ಕಂಟ್ರಿಯಿಂದ ಬಹಳ ದೂರ ಹೋಗಿತ್ತು.